ಕರುಳುರಿಯೂತದ ಔಷಧಗಳು ಮತ್ತು ಗಂಡಸಿನ ಸಂತಾನಶಕ್ತಿ



ಹೃದಯದ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ಇಂತಹ ಸಭೆಗಳಲ್ಲಿ ಮಾತನಾಡುವುದು ಸುಲಭ. ಕರುಳಿನ ಬಗ್ಗೆ ಮಾತನಾಡುವುದು ಅಷ್ಟು ಸುಲಭವಲ್ಲ. ಅದರ ಜೊತೆಗೆ ಗಂಡಸಿನ ಸಂತಾನಶಕ್ತಿಯ ಪ್ರಸ್ತಾಪವೂ ಸೇರಿದರಂತೂ ಹಿಂದಿನ ಸಾಲುಗಳಲ್ಲಿ ಕೆಮ್ಮು ಕೇಳಿಸತೊಡಗುತ್ತದೆ. ಆದರೂ ಇದೇ ವಿಷಯವನ್ನು ಆರಿಸಿಕೊಂಡಿದ್ದೇವೆ. ಕತಾರಿನಲ್ಲಿ ದುಡಿಯುತ್ತಿರುವ ನಮ್ಮ ತರುಣರ ನಡುವೆ ಕರುಳಿನ ದೀರ್ಘಕಾಲದ ಉರಿಯೂತಕ್ಕೆ ಔಷಧ ಸೇವಿಸುವವರಿದ್ದಾರೆ. ಈ ರೋಗ ಹೆಚ್ಚಾಗಿ ತಲೆಯೆತ್ತುವುದು ಇಪ್ಪತ್ತರಿಂದ ನಲವತ್ತರ ನಡುವೆ, ಅಂದರೆ ಮದುವೆ ಮಕ್ಕಳ ವಯಸ್ಸಿನಲ್ಲಿಯೇ. ಔಷಧದಿಂದ ಮಕ್ಕಳಾಗುವುದಿಲ್ಲವೇನೋ ಎಂಬ ಭಯದಿಂದ ಅದನ್ನು ಗುಟ್ಟಾಗಿ ನಿಲ್ಲಿಸಿಬಿಡುವವರನ್ನು ವೈದ್ಯರಾದ ನಾವು ಕಾಣುತ್ತೇವೆ. ಇದಕ್ಕೆ ತದ್ವಿರುದ್ಧವಾಗಿ, ತಾವು ನುಂಗುತ್ತಿರುವ ಗುಳಿಗೆಯಿಂದಲೇ ವೀರ್ಯಾಣು ಕುಂದಿರುವುದು ಗೊತ್ತಿಲ್ಲದೆ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸುವವರನ್ನೂ ಕಾಣುತ್ತೇವೆ. ಎರಡೂ ತಪ್ಪಿಸಬಹುದಾದ ಕಷ್ಟಗಳು. ನಮ್ಮ ನುಡಿಯಲ್ಲಿ ಮಗುವನ್ನು ಕರುಳ ಕುಡಿ ಎನ್ನುತ್ತೇವೆ. ಕರುಳಿಗೂ ಕುಡಿಗೂ ಹೀಗೊಂದು ನಂಟು ಇದೆಯೆಂದು ಹಿರಿಯರು ಎಣಿಸಿರಲಾರರು.

ಮೊದಲು ರೋಗದ ಪರಿಚಯ. ಬೇದಿ, ಆಮಶಂಕೆ, ಗ್ಯಾಸ್ ಟ್ರಬಲ್ ಮುಂತಾದ ಬಂದು ಹೋಗುವ ತೊಂದರೆಗಳ ಮಾತು ಇದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ, ಕರುಳಿನ ಮೇಲೆಯೇ ತಿರುಗಿಬಿದ್ದು, ವರ್ಷಾನುಗಟ್ಟಲೆ ಉರಿಯೂತವನ್ನುಂಟುಮಾಡುವ ಎರಡು ಕಾಯಿಲೆಗಳಿವೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಗಳಾಗಿ ರಕ್ತ ಲೋಳೆ ಬೀಳುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಹಬ್ಬಬಲ್ಲದ್ದು ಕ್ರೋನ್ಸ್ ಕಾಯಿಲೆ. ಎರಡನೆಯದನ್ನು ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ಮೂವರು ವೈದ್ಯರು 1932ರಲ್ಲಿ ವರ್ಣಿಸಿದರು. ರಕ್ತ ಬೀಳುವುದನ್ನು ಮೂಲವ್ಯಾಧಿಯೆಂದು ತಿಳಿದು ವರ್ಷಗಟ್ಟಲೆ ನಾಟಿ ಮದ್ದು ಮಾಡುತ್ತಾ ಕುಳಿತವರು ನಮ್ಮಲ್ಲಿ ಕಡಿಮೆಯಿಲ್ಲ.

ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಇವು ಪಾಶ್ಚಾತ್ಯರ ರೋಗಗಳೆಂಬ ಭಾವನೆಯಿತ್ತು. ಆ ಭಾವನೆ ಆಗಲೇ ಹಳತಾಗಿತ್ತು. ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಲ್ಲಿ ನೆಲೆಸಿದ ಭಾರತೀಯರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಅಲ್ಲಿನ ಮೂಲನಿವಾಸಿಗಳಿಗಿಂತಲೂ ಹೆಚ್ಚಾಗಿ ಕಾಣುತ್ತದೆ ಎಂಬ ವರದಿ 1992ರಲ್ಲಿಯೇ ಪ್ರಕಟವಾಗಿತ್ತು. 2003ರಲ್ಲಿ ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ವರದಿ ಬಂದಾಗ ಒಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಈ ಕಾಯಿಲೆಯಿರುವುದು ತಿಳಿಯಿತು. ಊರು ಬಿಟ್ಟು ಬೇರೆ ನೆಲಕ್ಕೆ ಹೋದ ನಮ್ಮವರನ್ನು ಈ ರೋಗ ಬಿಟ್ಟಿಲ್ಲ; ಊರಿನಲ್ಲಿಯೇ ಉಳಿದವರನ್ನೂ ಬಿಟ್ಟಿಲ್ಲ.

ಇನ್ನು ಔಷಧಗಳ ವಿಚಾರ. ಅವುಗಳನ್ನು ತಿಳಿಯುವುದಕ್ಕೆ ಮುಂಚೆ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವೃಷಣದಲ್ಲಿ ಒಂದು ವೀರ್ಯಾಣು ಹುಟ್ಟಿ ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಆಮೇಲೆ ಅದು ಸುರುಳಿಸುತ್ತಿದ ನಾಳದಲ್ಲಿ ಇನ್ನೊಂದೆರಡು ವಾರ ಸಾಗಿ ಈಜುವ ಶಕ್ತಿಯನ್ನು ಪಡೆಯುತ್ತದೆ. ಹೀಗೆ ಹೆಚ್ಚು ಕಡಿಮೆ ಮೂರು ತಿಂಗಳು. ಇಂದು ಹೊರಬರುವ ವೀರ್ಯಾಣು ಮೂರು ತಿಂಗಳ ಹಿಂದೆ ಬಿತ್ತಿದ ಪೈರು. ಆದ್ದರಿಂದ ಔಷಧ ನಿಲ್ಲಿಸಿದ ಮಾರನೆಯ ದಿನವೇ ಲಾಭವೂ ಇಲ್ಲ, ಒಂದು ಜ್ವರ ಬಂದರೆ ಆ ವಾರವೇ ನಷ್ಟವೂ ಇಲ್ಲ. ಎರಡರ ಫಲವೂ ತಡವಾಗಿ ಕಾಣುತ್ತದೆ.

ಈ ರೋಗದ ಔಷಧಗಳಲ್ಲಿ ವೀರ್ಯಾಣುವಿಗೆ ನಿಜವಾಗಿ ತೊಂದರೆ ಕೊಡುವುದೆಂದು ಖಚಿತವಾಗಿ ಗೊತ್ತಿರುವುದು ಸಲ್ಫಾಸಲಜೀನ್ ಒಂದೇ. ವಿಚಿತ್ರವೆಂದರೆ, ರೋಗಿಗಳು ಅತಿಯಾಗಿ ಹೆದರುವ, ರೋಗನಿರೋಧ ಶಕ್ತಿಯನ್ನು ತಗ್ಗಿಸುವ ಭಾರಿ ಔಷಧಗಳ ಸಾಲಿಗೆ ಅದು ಸೇರುವುದೇ ಇಲ್ಲ. ಅದು ಹಳೆಯ, ಅಗ್ಗದ, ಸಾಧು ಸ್ವಭಾವದ ಗುಳಿಗೆ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುವಾತಕ್ಕೆ ಮದ್ದು ಹುಡುಕುತ್ತಾ ಇದನ್ನು ರೂಪಿಸಿದರು. 1940ರ ದಶಕದ ಆರಂಭದಲ್ಲಿ ಕರುಳಿನ ಉರಿಯೂತಕ್ಕೂ ಇದು ಗುಣಕಾರಿಯೆಂದು ತೋರಿಸಿದರು. ಸಲ್ಫಾಪಿರಿಡಿನ್ ಎಂಬ ಸಲ್ಫಾ ಮದ್ದನ್ನೂ ಸ್ಯಾಲಿಸಿಲೇಟ್ ಜಾತಿಯ ಇನ್ನೊಂದು ವಸ್ತುವನ್ನೂ ಬೆಸೆದು ಮಾಡಿದ ಜೋಡಿ ಇದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಈ ಬೆಸುಗೆಯನ್ನು ಕಡಿಯುತ್ತವೆ. ಸ್ಯಾಲಿಸಿಲೇಟ್ ಭಾಗ ಬಹುಮಟ್ಟಿಗೆ ಕರುಳಿನಲ್ಲಿಯೇ ಉಳಿದು ಉರಿಯೂತವನ್ನು ಶಮನ ಮಾಡುತ್ತದೆ. ಸಲ್ಫಾ ಭಾಗ ರಕ್ತಕ್ಕೆ ಸೇರುತ್ತದೆ, ವೃಷಣವನ್ನೂ ತಲುಪುತ್ತದೆ. ತಕರಾರು ಮಾಡುವುದು ಈ ಎರಡನೆಯ ಭಾಗವೇ.

ಔಷಧ ಬಳಕೆಗೆ ಬಂದು ಮೂರು ದಶಕಗಳಿಗೂ ಹೆಚ್ಚು ಕಾಲ ಇದು ಯಾರ ಗಮನಕ್ಕೂ ಬಂದಿರಲಿಲ್ಲ. 1979ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಸಲ್ಫಾಸಲಜೀನ್ ಸೇವಿಸುತ್ತಿದ್ದು ಮಕ್ಕಳಾಗದಿದ್ದ ಗಂಡಸರ ವರದಿ ಬಂತು. ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಚಲನೆ ಮಂದವಾಗುತ್ತದೆ, ಆಕಾರ ಕೆಡುತ್ತದೆ. ಬೇರೆಡೆಯ ವೈದ್ಯರೂ ಇದನ್ನೇ ಕಂಡರು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನೂ ಕಂಡರು: ಔಷಧವನ್ನು ಬದಲಿಸಿದ ಎರಡು ಮೂರು ತಿಂಗಳಲ್ಲಿ ಎಲ್ಲವೂ ಮರಳಿ ಸರಿಹೋಗುತ್ತದೆ. ಹತ್ತು ವರ್ಷ ನುಂಗಿದವರಿಗೂ ಇದು ಶಾಶ್ವತ ನಷ್ಟವಲ್ಲ. ಸಲ್ಫಾ ಭಾಗವನ್ನು ಬಿಟ್ಟು ಸ್ಯಾಲಿಸಿಲೇಟ್ ಭಾಗವನ್ನಷ್ಟೇ ಕೊಡುವ ಮೆಸಲಮೀನ್ ಈಗ ದಶಕಗಳಿಂದ ದೊರೆಯುತ್ತಿದೆ. ಅದರಿಂದಲೂ ಇಂತಹ ತೊಂದರೆಯಾದ ಬಿಡಿ ವರದಿಗಳಿವೆ, ಆದರೆ ಅವು ಬಹಳ ಅಪರೂಪ.

ಹಾಗಾದರೆ ಸಲ್ಫಾಸಲಜೀನನ್ನು ಇನ್ನೂ ಏಕೆ ಬರೆದುಕೊಡುತ್ತಾರೆ ಎಂದು ಕೇಳಬಹುದು. ಬೆಲೆ ಒಂದು ಕಾರಣ. ನಮ್ಮ ಊರುಗಳಲ್ಲಿ ಮೆಸಲಮೀನ್ ಅದಕ್ಕಿಂತ ಹಲವು ಪಟ್ಟು ದುಬಾರಿ. ಕರುಳಿನ ಜೊತೆಗೆ ಕೀಲುನೋವೂ ಇರುವವರಿಗೆ ಸಲ್ಫಾಸಲಜೀನ್ ಎರಡಕ್ಕೂ ಆಗುತ್ತದೆ. ಅದು ಇನ್ನೊಂದು ಕಾರಣ. ಕರುಳಿನ ಕಾಯಿಲೆಯೇ ಇಲ್ಲದೆ ಕೀಲುವಾತಕ್ಕಾಗಿ ಇದನ್ನು ಸೇವಿಸುವವರೂ ಬಹಳ ಮಂದಿ; ಈ ಮಾತು ಅವರಿಗೂ ಅನ್ವಯಿಸುತ್ತದೆ. ಇದು ಕೆಟ್ಟ ಔಷಧವಲ್ಲ. ಮಕ್ಕಳ ಯೋಚನೆಯಿಲ್ಲದವರು, ಮಕ್ಕಳಾಗಿ ಮುಗಿದವರು ನಿಶ್ಚಿಂತೆಯಿಂದ ಸೇವಿಸಬಹುದು. ಇದನ್ನು ಸೇವಿಸುತ್ತಲೇ ತಂದೆಯಾದವರೂ ಬೇಕಾದಷ್ಟಿದ್ದಾರೆ. ಹಾಗಾಗಿ ಇದನ್ನು ಗರ್ಭನಿರೋಧಕವೆಂದು ನಂಬಿ ಯಾರೂ ಮೋಸಹೋಗಬಾರದು.

ಈಗ ರೋಗನಿರೋಧ ಶಕ್ತಿಯನ್ನು ತಗ್ಗಿಸುವ ಔಷಧಗಳಿಗೆ ಬರೋಣ. ಅಜಾಥಯೋಪ್ರಿನ್ ಇವುಗಳಲ್ಲಿ ಅತಿ ಪರಿಚಿತವಾದದ್ದು. ಇದನ್ನು ಕಂಡುಹಿಡಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಇಬ್ಬರು. ಜೀವಕೋಶಗಳ ವಿಭಜನೆಯನ್ನು ತಡೆಯುವ ಔಷಧ ವೀರ್ಯಾಣುವನ್ನು ಕೆಡಿಸದೆ ಬಿಟ್ಟೀತೇ ಎಂಬ ಸಂದೇಹ ಸಹಜವೇ. ಆದರೆ ಕರುಳುರಿಯೂತಕ್ಕೆ ಇದನ್ನು ಸೇವಿಸುತ್ತಿದ್ದ ಗಂಡಸರ ವೀರ್ಯವನ್ನು ಪರೀಕ್ಷಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಗುಣದಲ್ಲಿ ಕುಸಿತ ಕಾಣಲಿಲ್ಲ. ತಂದೆ ಇದನ್ನು ಸೇವಿಸಿದ್ದರೆ ಮಗುವಿಗೆ ಅಂಗದೋಷ ಬರಬಹುದೆಂದು ಹಿಂದೆ ಕೆಲವು ಸಣ್ಣ ಅಧ್ಯಯನಗಳು ಅನುಮಾನಿಸಿದ್ದುವು. ಅನಂತರದ ದೊಡ್ಡ ಅಧ್ಯಯನಗಳು ಆ ಅನುಮಾನವನ್ನು ಎತ್ತಿಹಿಡಿಯಲಿಲ್ಲ. ಮಗು ಬೇಕೆಂಬ ಕಾರಣಕ್ಕೆ ಗಂಡಸರು ಅಜಾಥಯೋಪ್ರಿನ್ ನಿಲ್ಲಿಸಬೇಕಾಗಿಲ್ಲ ಎಂಬುದೇ ಇಂದಿನ ಅಭಿಪ್ರಾಯ.

ಮೆಥೊಟ್ರೆಕ್ಸೇಟಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗರ್ಭಿಣಿಯರಿಗೂ ಗರ್ಭ ಧರಿಸಲಿರುವವರಿಗೂ ಇದು ಸಂಪೂರ್ಣ ನಿಷಿದ್ಧ. ಇದರಲ್ಲಿ ಎರಡು ಮಾತಿಲ್ಲ. ಅದೇ ಕಾರಣದಿಂದ ಗಂಡಸರೂ ಮೂರು ತಿಂಗಳು ಮುಂಚೆ ನಿಲ್ಲಿಸಬೇಕೆಂದು ಔಷಧದ ಕಾಗದದಲ್ಲಿ ಬಹುಕಾಲದಿಂದ ಮುದ್ರಿಸುತ್ತಾ ಬಂದಿದ್ದಾರೆ. ಆದರೆ ವಾರಕ್ಕೊಮ್ಮೆ ಕೊಡುವ ಅಲ್ಪ ಪ್ರಮಾಣದಿಂದ ತಂದೆಯ ಮೂಲಕ ಮಗುವಿಗೆ ಹಾನಿಯಾಗುತ್ತದೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆ 2020ರಲ್ಲಿ, ಬ್ರಿಟನ್ನಿನದು 2022ರಲ್ಲಿ, ಗಂಡಸರು ಮುಂದುವರಿಸಬಹುದೆಂದು ಸಲಹೆ ನೀಡಿವೆ. ಒಬ್ಬ ವೈದ್ಯರು ನಿಲ್ಲಿಸಿ ಎಂದರೆ, ಇನ್ನೊಬ್ಬರು ಬೇಡ ಎಂದರೆ, ಇಬ್ಬರಲ್ಲಿ ಯಾರೂ ಅಜ್ಞಾನಿಗಳಲ್ಲ. ಕಾಗದದ ಎಚ್ಚರಿಕೆ ಒಂದು, ಕೂಡಿಬಂದ ಅನುಭವ ಇನ್ನೊಂದು. ನಮ್ಮ ಪದ್ಧತಿಯೆಂದರೆ, ರೋಗ ಶಾಂತವಾಗಿದ್ದು ಬದಲಿ ಔಷಧ ಸುಲಭವಾಗಿ ದೊರೆಯುವಂತಿದ್ದರೆ ಮೂರು ತಿಂಗಳು ಮುಂಚೆ ಬದಲಿಸುತ್ತೇವೆ. ಅದರಿಂದಲೇ ರೋಗ ಹಿಡಿತದಲ್ಲಿರುವುದಾದರೆ ದಂಪತಿಗಳನ್ನು ಕೂರಿಸಿ ವಿವರಿಸಿ ಮುಂದುವರಿಸುತ್ತೇವೆ. ಈ ಗುಳಿಗೆಯನ್ನು ವಾರಕ್ಕೊಂದು ದಿನ ಮಾತ್ರ ನುಂಗಬೇಕು, ದಿನವೂ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ದಿನವೂ ನುಂಗಿ ಪ್ರಾಣಾಪಾಯಕ್ಕೊಳಗಾದವರಿದ್ದಾರೆ.

ಚುಚ್ಚುಮದ್ದಿನ ರೂಪದ ಜೈವಿಕ ಔಷಧಗಳಲ್ಲಿ ಇನ್‌ಫ್ಲಿಕ್ಸಿಮಾಬ್ 1998ರಲ್ಲಿ ಕ್ರೋನ್ಸ್ ಕಾಯಿಲೆಗೆ ಬಂತು. ಅಡಾಲಿಮುಮಾಬ್ ಮುಂತಾದವು ಅನಂತರ ಬಂದವು. ಇವುಗಳಿಂದ ಗಂಡಸರ ಸಂತಾನಶಕ್ತಿಗೆ ಗಣನೀಯ ಧಕ್ಕೆಯಾದದ್ದು ಕಂಡಿಲ್ಲ. ಹೊಸ ಗುಳಿಗೆಗಳಲ್ಲಿ ಫಿಲ್ಗೊಟಿನಿಬ್ ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ವೀರ್ಯಾಣುವನ್ನು ಕುಂದಿಸಿದ್ದರಿಂದ, ಗಂಡಸರಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ಸಮಾಧಾನಕರವಾಗಿಯೇ ಇತ್ತು. ಸ್ಟೀರಾಯ್ಡುಗಳನ್ನು ಅಲ್ಪಕಾಲ ಸೇವಿಸಿದರೆ ಈ ದೃಷ್ಟಿಯಿಂದ ಚಿಂತೆಯಿಲ್ಲ. ಆದರೆ ಜಿಮ್‌ಗಳಲ್ಲಿ ಮೈಕಟ್ಟಿಗಾಗಿ ಕೊಡುವ ಟೆಸ್ಟೋಸ್ಟೆರೋನ್ ಚುಚ್ಚುಮದ್ದು ಬೇರೆಯೇ ಸಂಗತಿ. ಗಂಡಸುತನದ ಹಾರ್ಮೋನನ್ನು ಹೊರಗಿನಿಂದ ತುಂಬಿದರೆ ವೃಷಣ ತನ್ನ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಕರುಳಿನ ಕಾಯಿಲೆಯಿಂದ ಸೊರಗಿದ ಹುಡುಗರು ಮೈ ತುಂಬಿಕೊಳ್ಳಲು ಇದಕ್ಕೆ ಕೈಹಾಕುವುದುಂಟು.

ಔಷಧಗಳ ಪಟ್ಟಿಗಿಂತ ದೊಡ್ಡ ಅಪಾಯ ರೋಗದ್ದೇ. ರೋಗ ಕೆರಳಿದಾಗ ಜ್ವರ ಬರುತ್ತದೆ, ತೂಕ ಇಳಿಯುತ್ತದೆ, ಸತುವಿನಂತಹ ಪೋಷಕಾಂಶಗಳು ಕುಗ್ಗುತ್ತವೆ, ರಕ್ತಹೀನತೆಯಾಗುತ್ತದೆ. ದಿನಕ್ಕೆ ಹತ್ತು ಸಲ ಶೌಚಕ್ಕೆ ಓಡುವವನಿಗೆ ದಾಂಪತ್ಯದ ಆಸೆಯಾದರೂ ಎಲ್ಲಿಂದ ಬರಬೇಕು? ಇವೆಲ್ಲವೂ ವೀರ್ಯಾಣುವನ್ನೂ ಉತ್ಸಾಹವನ್ನೂ ಕುಗ್ಗಿಸುತ್ತವೆ. ಮಗುವಿಗಾಗಿ ಎಂದು ಔಷಧ ಬಿಟ್ಟವನು ಮಗುವಿನ ದಾರಿಯನ್ನೇ ಮುಚ್ಚಿಕೊಳ್ಳುತ್ತಾನೆ. ಕ್ರೋನ್ಸ್ ಕೆರಳಿ ಕರುಳು ಕಟ್ಟಿಕೊಂಡರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಸಲ್ಫಾಸಲಜೀನನ್ನು ಸಹ ಬದಲಿಸಬೇಕೇ ಹೊರತು ಬರಿದೆ ನಿಲ್ಲಿಸಬಾರದು.

ಈಗ ಕತಾರಿನ ನಮ್ಮ ಬದುಕಿಗೆ ಇದನ್ನು ಹೊಂದಿಸಿ ನೋಡೋಣ. ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಇಲ್ಲಿ ಒಂಟಿಯಾಗಿ ದುಡಿಯುವವರೇ ಹೆಚ್ಚು. ಇಲ್ಲಿನ 2004ರ ಕಾರ್ಮಿಕ ಕಾನೂನಿನಂತೆ, ಐದು ವರ್ಷಕ್ಕಿಂತ ಕಡಿಮೆ ಸೇವೆಯಾದವರಿಗೆ ವರ್ಷಕ್ಕೆ ಕನಿಷ್ಠ ಮೂರು ವಾರ, ಐದು ವರ್ಷ ತುಂಬಿದವರಿಗೆ ಕನಿಷ್ಠ ನಾಲ್ಕು ವಾರ ರಜೆ. ಹೆಣ್ಣಿನ ತಿಂಗಳ ಚಕ್ರದಲ್ಲಿ ಗರ್ಭ ನಿಲ್ಲಬಹುದಾದ ದಿನಗಳು ಸುಮಾರು ಆರು ಮಾತ್ರ: ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳು. 28 ದಿನಗಳ ಚಕ್ರವಾದರೆ ಅದು ಒಂಬತ್ತರಿಂದ ಹದಿನಾಲ್ಕನೆಯ ದಿನ. ಗಂಡ ಊರು ತಲುಪುವುದು ಹೆಂಡತಿಯ ಚಕ್ರದ ಹದಿನಾರನೆಯ ದಿನವೆಂದಿಟ್ಟುಕೊಳ್ಳಿ. ಇಪ್ಪತ್ತೊಂದು ದಿನಗಳ ರಜೆ ಮುಗಿಯುವುದು ಮುಂದಿನ ಚಕ್ರದ ಎಂಟನೆಯ ದಿನ. ಫಲವತ್ತಾದ ಒಂದು ದಿನವೂ ಅವರಿಗೆ ದಕ್ಕಲಿಲ್ಲ. ಮನೆಯಲ್ಲಿ ಮಾತ್ರ ಲೆಕ್ಕ ಬೇರೆ: ಮದುವೆಯಾಗಿ ಮೂರು ವರ್ಷವಾಯಿತು, ಇನ್ನೂ ವಿಶೇಷ ಇಲ್ಲವೇ? ವೈದ್ಯಶಾಸ್ತ್ರದ ಪ್ರಕಾರ ಒಂದು ವರ್ಷ ಜೊತೆಯಲ್ಲಿದ್ದು ನಿಯಮಿತವಾಗಿ ಕೂಡಿಯೂ ಗರ್ಭ ನಿಲ್ಲದಿದ್ದರೆ ಮಾತ್ರ ಬಂಜೆತನದ ವಿಚಾರಣೆ. ಮೂರು ರಜೆಗಳ ಮೂರು ಮೂರು ವಾರ ಕೂಡಿಸಿದರೆ ಎರಡು ತಿಂಗಳು ಚಿಲ್ಲರೆ ಆದೀತು. ಇಷ್ಟಕ್ಕೇ ಯಾರಿಗಾದರೂ ಬಂಜೆಯೆಂಬ ಪಟ್ಟ ಕಟ್ಟುವುದು ಅನ್ಯಾಯ.

ಆದುದರಿಂದ ರಜೆಯ ಅರ್ಜಿ ಹಾಕುವ ಮುನ್ನ ಹೆಂಡತಿಯ ತಿಂಗಳ ದಿನಗಳನ್ನು ಕೇಳಿಕೊಳ್ಳಿ. ಸಲ್ಫಾಸಲಜೀನ್ ಸೇವಿಸುವವರು ಇನ್ನೂ ಹಿಂದಕ್ಕೆ ಎಣಿಸಬೇಕು. ಜುಲೈ 15ಕ್ಕೆ ಊರಿಗೆ ಹೊರಡುವವರು ಏಪ್ರಿಲ್ 15ರ ಒಳಗೆ ಬದಲಿ ಔಷಧಕ್ಕೆ ಬಂದಿರಬೇಕು. ಹೊಸ ಔಷಧದಲ್ಲಿ ರೋಗ ಶಾಂತವಾಗಿರುವುದೇ ಎಂದು ನೋಡಲು ಕೆಲವು ವಾರ ಬೇಕಾದ್ದರಿಂದ ಮಾರ್ಚ್ ತಿಂಗಳಲ್ಲಿಯೇ ವೈದ್ಯರನ್ನು ಕಾಣುವುದು ಲೇಸು. ಊರು ಮುಟ್ಟಿದ ಮೇಲೆ ಔಷಧ ಬದಲಿಸಿದರೆ ಅದರ ಫಲ ರಜೆ ಮುಗಿದು ದೋಹಾಕ್ಕೆ ಮರಳಿದ ಮೇಲೆ ಸಿದ್ಧವಾಗುತ್ತದೆ!

ಊರಿಗೆ ಹೋಗಿಬರುವ ಗೆಳೆಯರ ಕೈಯಲ್ಲಿ ವರ್ಷಕ್ಕಾಗುವಷ್ಟು ಗುಳಿಗೆ ತರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಬೆಲೆಯ ಕಷ್ಟ ನಮಗೆ ಗೊತ್ತು. ಆದರೆ ಹೀಗೆ ತರಿಸಿಕೊಳ್ಳುವವನನ್ನು ಐದು ವರ್ಷ ಯಾವ ವೈದ್ಯರೂ ನೋಡಿರುವುದಿಲ್ಲ. ಅವನಿಗೆ ಮದುವೆಯಾಗಿದೆಯೇ, ಮಕ್ಕಳ ಯೋಚನೆಯಿದೆಯೇ ಎಂದು ಕೇಳುವವರೇ ಇರುವುದಿಲ್ಲ. ಅಜಾಥಯೋಪ್ರಿನ್ ಸೇವಿಸುವವರಿಗೆ ಕಾಲಕಾಲಕ್ಕೆ ರಕ್ತಪರೀಕ್ಷೆ ಆಗಲೇಬೇಕು, ಅದೂ ತಪ್ಪುತ್ತದೆ. ತಾವೇ ಔಷಧ ತರುವಾಗ ವೈದ್ಯರ ಚೀಟಿಯನ್ನು ಜೊತೆಯಲ್ಲಿಟ್ಟುಕೊಳ್ಳಿ. ಗುಳಿಗೆಗಳನ್ನು ಮೂಲ ಪೊಟ್ಟಣದಿಂದ ಬಿಡಿಸಬೇಡಿ.

ಬಿಸಿಲಿನ ಮಾತೂ ಇದೆ. ವೃಷಣಗಳು ದೇಹದ ಉಷ್ಣಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೇ ಕೆಲಸ ಮಾಡುತ್ತವೆ. 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ಬಯಲಿನ ಕೆಲಸಕ್ಕೆ ಇಲ್ಲಿ ನಿಷೇಧವಿದೆ. ಅದು ಪ್ರಾಣರಕ್ಷಣೆಗಾಗಿ ಮಾಡಿದ ನಿಯಮ. ಈ ದೃಷ್ಟಿಯಿಂದಲೂ ಒಳ್ಳೆಯದೇ. ಬೇದಿಯ ರೋಗಿಗಳು ಬಿಸಿಲಿನಲ್ಲಿ ನೀರು ಉಪ್ಪು ಕಳೆದುಕೊಂಡು ಬೇಗ ಕುಸಿಯುತ್ತಾರೆಂಬುದನ್ನು ಜೊತೆಯವರು ನೆನಪಿಡಬೇಕು.

ಪರೀಕ್ಷೆಯ ವಿಷಯ. ಮಕ್ಕಳಾಗದಿರುವುದರಲ್ಲಿ ಗಂಡಸಿನ ಪಾಲು ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿರುತ್ತದೆ. ನಮ್ಮ ಭಾಷೆಯನ್ನು ನೋಡಿ: ಹೆಣ್ಣಿಗೆ ಬಂಜೆ ಎಂಬ ಪದ ಸಿದ್ಧವಾಗಿದೆ. ಗಂಡಿಗೆ ಅಂತಹ ಪದವಿಲ್ಲ. ಇರುವುದು ಷಂಡ, ನಪುಂಸಕ ಎಂಬ ಬೈಗುಳಗಳು. ಅವು ಹೇಳುವುದು ಲೈಂಗಿಕ ಶಕ್ತಿಯ ಮಾತನ್ನು, ವೀರ್ಯಾಣುವಿನ ಮಾತನ್ನಲ್ಲ. ಪೂರ್ಣ ಪುರುಷತ್ವವಿದ್ದೂ ವೀರ್ಯಾಣು ಕಡಿಮೆಯಿರಬಹುದು. ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಗಂಡಸರು ಪರೀಕ್ಷೆಗೆ ಹಿಂಜರಿಯುತ್ತಾರೆ. ಹೆಂಡತಿಗೆ ಸ್ಕ್ಯಾನ್, ನಾಳದ ಎಕ್ಸ್‌ರೇ, ಹಾರ್ಮೋನ್ ಚುಚ್ಚುಮದ್ದು, ಕಡೆಗೆ ಹರಕೆ. ಗಂಡನಿಗೆ ಏನೂ ಇಲ್ಲ. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಬೇಡಿ ಎನ್ನುವವರು ನಾವಲ್ಲ. ಮಂಗಳೂರಿನಿಂದ ಹೋಗುವುದಾದರೆ ದಾರಿಯಲ್ಲಿಯೇ ವೀರ್ಯಪರೀಕ್ಷೆಯನ್ನೂ ಮಾಡಿಸಿಕೊಂಡು ಹೋಗಿ ಎನ್ನುತ್ತೇವೆ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಮಾದರಿಯನ್ನು ಕೊಟ್ಟರಾಯಿತು, ನೋವಿಲ್ಲ, ಸೂಜಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಒಂದು ಮಿಲಿಲೀಟರಿಗೆ ಒಂದು ಕೋಟಿ ಅರವತ್ತು ಲಕ್ಷ ವೀರ್ಯಾಣುಗಳನ್ನು ಕೆಳಗಿನ ಗಡಿಯೆಂದು ಹೇಳುತ್ತದೆ. ಅದಕ್ಕಿಂತ ಕಡಿಮೆಯಿದ್ದವರಿಗೂ ಮಕ್ಕಳಾಗಿವೆ. ಒಂದು ಸಲ ಕಡಿಮೆ ಬಂದರೆ ಎದೆಗುಂದದೆ ಮತ್ತೊಮ್ಮೆ ಮಾಡಿಸಬೇಕು. ಔಷಧ ಬದಲಿಸುವ ಮುಂಚೆ ಒಮ್ಮೆ, ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಧಾತುಪುಷ್ಟಿಯ ಲೇಹ್ಯಗಳಿಗೆ ಹಣ ಸುರಿಯುವ ಮುನ್ನ ಇಷ್ಟನ್ನಾದರೂ ಮಾಡಿ.

ಉಪನ್ಯಾಸದ ನಂತರ ಚೀಟಿಗಳಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ಇಲ್ಲಿ ಉತ್ತರಿಸುತ್ತೇವೆ. ತಂದೆಗಿದ್ದರೆ ಮಗುವಿಗೂ ಈ ರೋಗ ಬರುತ್ತದೆಯೇ? ಉಳಿದವರಿಗಿಂತ ಸಾಧ್ಯತೆ ಸ್ವಲ್ಪ ಹೆಚ್ಚು. ಆದರೆ ತಂದೆ ತಾಯಿಯರಲ್ಲಿ ಒಬ್ಬರಿಗೆ ಮಾತ್ರ ಇದ್ದಾಗ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಈ ಕಾರಣಕ್ಕೆ ಮದುವೆ ತಪ್ಪಿಸುವುದಾಗಲಿ, ಮಕ್ಕಳೇ ಬೇಡವೆನ್ನುವುದಾಗಲಿ ಸರಿಯಲ್ಲ. ಮದುವೆಗೆ ಮುಂಚೆ ಹೆಣ್ಣಿನ ಮನೆಯವರಿಗೆ ರೋಗವನ್ನು ತಿಳಿಸಬೇಕೇ ಎಂದೂ ಅದೇ ಚೀಟಿಯಲ್ಲಿ ಕೇಳಿದ್ದರು. ತಿಳಿಸಬೇಕು. ಗುಳಿಗೆಯನ್ನು ಬಚ್ಚಲುಮನೆಯಲ್ಲಿ ಅಡಗಿಸಿಟ್ಟು ನುಂಗುವವನು ಕಡೆಗೆ ನುಂಗುವುದನ್ನೇ ಬಿಡುತ್ತಾನೆ.

ಇನ್ನೊಂದು ಪ್ರಶ್ನೆ ಶಸ್ತ್ರಚಿಕಿತ್ಸೆಯದು. ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆಯುವಾಗ ಪಕ್ಕದ ನರಗಳಿಗೆ ಪೆಟ್ಟಾಗಿ ಶಿಶ್ನೋದ್ರೇಕಕ್ಕಾಗಲಿ ಸ್ಖಲನಕ್ಕಾಗಲಿ ಅಡ್ಡಿಯಾಗುವ ಸಂಭವ ಸ್ವಲ್ಪ ಮಟ್ಟಿಗೆ ಇದೆ. ನುರಿತ ಕೈಗಳಲ್ಲಿ ಅದು ಕಡಿಮೆ. ಮಕ್ಕಳಾಗದ ತರುಣರು ಅಂತಹ ಶಸ್ತ್ರಚಿಕಿತ್ಸೆಗೆ ಮುಂಚೆ ವೀರ್ಯವನ್ನು ಶೈತ್ಯೀಕರಿಸಿ ಇಡಿಸುವ ಬಗ್ಗೆ ಶಸ್ತ್ರವೈದ್ಯರನ್ನು ಕೇಳಬಹುದು. ಭಾರತದಲ್ಲಿ 2021ರ ಸಂತಾನ ನೆರವು ತಂತ್ರಜ್ಞಾನ ಕಾಯಿದೆಯಡಿ ನೋಂದಾಯಿತವಾದ ಕೇಂದ್ರಗಳಲ್ಲಿ ಮಾತ್ರ ಇದನ್ನು ಮಾಡಿಸಬೇಕು. ವೈದ್ಯರು ತಾವಾಗಿ ಈ ಮಾತನ್ನು ಎತ್ತದಿದ್ದರೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವಾಗಲೇ ನೀವೇ ಎತ್ತಿ.